ಅವಳ ಎತ್ತರಕ್ಕೆ

"ಅಡುಗೆ ಮಾಡೋದು ಮೇಡಮ್ಮೇ ಅಲ್ವಾ ಸಾರ್?"

ಶಿವರಂಜನಿ ಕೇಳಿದ್ದು ಇಷ್ಟೇ. ಕಂಪ್ಯೂಟರಿನಿಂದ ತಲೆ ಕೂಡ ಎತ್ತಿರಲಿಲ್ಲ. ಹೊಸ ಮನೆಗಳಿಗೆ ಅಡುಗೆಮನೆ, ಬಚ್ಚಲುಮನೆ ಮಾಡಿಕೊಡುವ ಆ ಶೋರೂಮಿನಲ್ಲಿ ಡಿಸೈನರ್ ಆಗಿದ್ದ ಅವಳು ಬಂದ ಗಿರಾಕಿಗಳನ್ನೆಲ್ಲ ಮೊದಲು ಕೇಳುವ ಪ್ರಶ್ನೆ ಅದು. ಎದುರಿಗೆ ಕೂತಿದ್ದ ಚನ್ನವೀರೇಶ, "ಹೂಂ, ಅವಳೇ" ಅಂದುಬಿಟ್ಟ.

ಅಂದ ಮೇಲೆ ಕಿವಿ ಬಿಸಿಯಾಯಿತು. ಯಾಕೆಂದರೆ ಅವನಿಗೆ ಮದುವೆಯೇ ಆಗಿರಲಿಲ್ಲ.

ಐವತ್ತರ ಹತ್ತಿರ ಬಂದಿದ್ದ ಅವನು ಮದುವೆ ಬೇಡವೆಂದು ಹಟ ಹಿಡಿದವನೇನಲ್ಲ. ಪ್ರಾಯದಲ್ಲಿ ಒಂದೆರಡು ಕಡೆ ಹೆಣ್ಣು ನೋಡಿದ್ದೂ ಉಂಟು. ಒಂದು ಜಾತಕಕ್ಕೆ ತಪ್ಪಿತು, ಇನ್ನೊಂದು ಮಾತುಕತೆಯ ಹಂತದಲ್ಲಿ ಅಪ್ಪ ಹಾಸಿಗೆ ಹಿಡಿದ. ಅಪ್ಪ ಹೋದ ಮೇಲೆ ತಮ್ಮ ಕೊಟ್ರೇಶನ ಮದುವೆ ಮುಂದೆ ಬಂತು. ಆಮೇಲೆ ಇವನ ಮದುವೆಯ ಮಾತು ಯಾರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ. ದಾವಣಗೆರೆಯಿಂದ ಬಂದು ರಾಜಾಜಿನಗರದ ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದವನು ಅಲ್ಲೇ ಕೂದಲು ಹಣ್ಣು ಮಾಡಿಕೊಂಡ.

ಒಂಟಿಯಾಗಿರುವುದು ಅವನಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಉಳಿದದ್ದು ಅದನ್ನು ಬಾಯಿಬಿಟ್ಟು ಹೇಳುವುದು. ನಗರಕ್ಕೆ ಬಂದ ಹೊಸದರಲ್ಲಿ ಬಾಡಿಗೆ ಮನೆಗಾಗಿ ವಿಜಯನಗರದ ಬೀದಿ ಬೀದಿ ಸುತ್ತಿದ್ದ. ಗೇಟಿನ ಚಿಲಕ ಅಲ್ಲಾಡಿಸಿದರೆ ಒಳಗಿನಿಂದ ಬಂದವರು ಅವನ ಮುಖ ನೋಡುವ ಮೊದಲೇ "ಫ್ಯಾಮಿಲಿನಾ?" ಅನ್ನುತ್ತಿದ್ದರು. ಅಲ್ಲ ಅಂದರೆ ಮುಗಿಯಿತು. "ಬ್ಯಾಚುಲರ್ಸ್‌ಗೆ ಕೊಡಲ್ಲ ಕಣಪ್ಪ." ಒಬ್ಬ ಹೆಂಗಸಂತೂ ಅವನು ಮುಟ್ಟಿದ್ದ ಗೇಟನ್ನು ಸೆರಗಿನಲ್ಲಿ ಹಿಡಿದು ಮುಚ್ಚಿದ್ದಳು. ಕೊನೆಗೆ ಮಹಡಿ ಮೇಲೊಂದು ರೂಮು ಸಿಕ್ಕಿತು. ಮೂಲೆಯಲ್ಲಿ ಕಡಪಾ ಕಲ್ಲಿನ ಕಟ್ಟೆ, ಹೊರಗೆ ಶೀಟು ಹೊದಿಸಿದ ಬಚ್ಚಲು. ಮಳೆಗಾಲದಲ್ಲಿ ಸ್ನಾನಕ್ಕೆ ತಲೆ ಮೇಲೆ ಟವೆಲು ಹಾಕಿಕೊಂಡು ಓಡಬೇಕಿತ್ತು. ಅಲ್ಲೇ ಅವನ ಇಷ್ಟು ವರ್ಷ ಕಳೆದದ್ದು.

ನೌಕರರ ಸಂಘದಿಂದ ಬಂದ ಸೈಟು ರಾಜರಾಜೇಶ್ವರಿನಗರದ ಆಚೆ ಪೊದೆ ಬೆಳೆದುಕೊಂಡು ಬಿದ್ದಿತ್ತು. ಸುತ್ತ ಮನೆಗಳು ಎದ್ದವು, ರಸ್ತೆ ಬಂತು, ಅತ್ತ ಮೈಸೂರು ರಸ್ತೆಗೆ ಮೆಟ್ರೋ ಬಂತು. ಆಗ ಇವನಿಗೂ ಧೈರ್ಯ ಬಂದು ಎರಡು ರೂಮಿನ ಮನೆಗೆ ಪಾಯ ತೆಗೆಸಿದ. ಛಾವಣಿ ಹಾಕಿಸಿದ ಮೇಲೆ ಇಂಜಿನಿಯರು, "ಈಗ ಯಾರೂ ಮೇಸ್ತ್ರಿ ಕೈಲಿ ಅಡುಗೆ ಕಟ್ಟೆ ಕಟ್ಸಲ್ಲ ಸಾರ್. ವೆಸ್ಟ್ ಆಫ್ ಕಾರ್ಡ್ ರೋಡ್‌ನಲ್ಲಿ ಶೋರೂಮಿದೆ. ಅಲ್ಲಿ ಹೋಗಿ ನೋಡ್ಬಿಡಿ" ಎಂದು ಕಳಿಸಿದ್ದ.

ಶೋರೂಮು ಅಂದರೆ ಒಂದರ ಪಕ್ಕ ಒಂದು ಅಡುಗೆಮನೆ. ಒಲೆ ಇದೆ, ಬೆಂಕಿ ಕಂಡಿಲ್ಲ. ನಲ್ಲಿ ಇದೆ, ನೀರು ಬರುವುದಿಲ್ಲ. ಬುಟ್ಟಿಯಲ್ಲಿ ಪ್ಲಾಸ್ಟಿಕ್ ಸೇಬು. ಅವುಗಳ ನಡುವೆ ಗಂಡ ಹೆಂಡತಿಯರು ಡ್ರಾ ಎಳೆದು, ನೂಕಿ, "ನೋಡ್ರೀ, ಶಬ್ದನೇ ಬರಲ್ಲ" ಅನ್ನುತ್ತ ಓಡಾಡುತ್ತಿದ್ದರು. ಒಬ್ಬನೇ ಬಂದವನು ಚನ್ನವೀರೇಶ ಮಾತ್ರ. ಹಾಗಿರುವಾಗ ಆ ಪ್ರಶ್ನೆ ಬಂದದ್ದು. ಬಾಯಿ ತನ್ನಷ್ಟಕ್ಕೆ ಉತ್ತರ ಕೊಟ್ಟಿತ್ತು.

ಮರುಕ್ಷಣವೇ ತಿದ್ದಬಹುದಿತ್ತು. ಆದರೆ ಶಿವರಂಜನಿ ತಲೆ ಎತ್ತಿ ನಕ್ಕಳು. ಮೂವತ್ತರ ಆಸುಪಾಸಿನ, ಚುರುಕು ಕಣ್ಣಿನ ಹುಡುಗಿ. "ಮತ್ತೆ ಮೇಡಮ್ಮನ್ನ ಕರ್ಕೊಂಡು ಬರ್ಲೇ ಇಲ್ಲ?"

"ಊರಲ್ಲಿದಾಳೆ. ದಾವಣಗೆರೆ. ಅವರಮ್ಮನಿಗೆ ಹುಷಾರಿಲ್ಲ."

"ಅಯ್ಯೋ ಪಾಪ. ಇರ್ಲಿ ಬಿಡಿ ಸಾರ್, ಅವರು ಬರೋಷ್ಟ್ರಲ್ಲಿ ಎಲ್ಲಾ ರೆಡಿ ಮಾಡಿಟ್ಟಿರೋಣ."

ಹೀಗೆ ಶುರುವಾಯಿತು.

ಈಗಿನ ಮನೆಗಳಲ್ಲಿ ಅಡುಗೆಮನೆಗೆ ಗೋಡೆಯೇ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಆವತ್ತೇ. "ಎಲ್ಲಾ ಓಪನ್ ಕಿಚನ್ ಸಾರ್. ಮೊದಲಿನ ಥರ ಹೆಂಗಸರು ಒಳಗಡೆ ಒಬ್ರೇ ಬೇಯ್ತಾ ಇರ್ಬೇಕಾಗಿಲ್ಲ. ಇಲ್ಲೊಂದು ಬ್ರೇಕ್‌ಫಾಸ್ಟ್ ಕೌಂಟರ್ ಕೊಡ್ತೀನಿ. ಮೇಡಂ ಆ ಕಡೆ ದೋಸೆ ಹಾಕ್ತಾ ಇರ್ತಾರೆ, ನೀವು ಈ ಕಡೆ ಸ್ಟೂಲ್ ಮೇಲೆ ಕೂತು ಮಾತಾಡ್ತಾ ತಿನ್ಬೋದು." ಅವಳು ಪರದೆಯ ಮೇಲೆ ಎರಡು ಸ್ಟೂಲು ತಂದಿಟ್ಟಳು. ಚನ್ನವೀರೇಶ ಆ ಸ್ಟೂಲುಗಳನ್ನೇ ನೋಡುತ್ತ ಕೂತ.

ಆಮೇಲೆ ಕಟ್ಟೆಯ ಎತ್ತರದ ವಿಷಯ ಬಂತು. "ಇದೇ ಮುಖ್ಯ ಸಾರ್. ಬಣ್ಣ ಹೆಚ್ಚು ಕಮ್ಮಿ ಆದ್ರೂ ನಡೆಯುತ್ತೆ, ಎತ್ತರ ತಪ್ಪಬಾರ್ದು. ನಿಂತು ಅಡುಗೆ ಮಾಡೋರ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರ್ಬೇಕು. ಇಲ್ದಿದ್ರೆ ಒಂದೋ ಬೆನ್ನು ಹೋಗುತ್ತೆ, ಇಲ್ಲಾ ಭುಜ ಹೋಗುತ್ತೆ. ಮೇಡಂ ಎಷ್ಟೆತ್ತರ?"

ಚನ್ನವೀರೇಶ ಆರಡಿಯ ಆಳು. ಅವನಿಗೆ ಸಂಖ್ಯೆ ಹೊಳೆಯಲಿಲ್ಲ. ಎಡಗೈಯನ್ನು ತನ್ನ ಎದೆಯ ಹತ್ತಿರ ತಂದು, ಕೊಂಚ ಮೇಲೆತ್ತಿ, ಭುಜದ ಕೆಳಗೆ ಹಿಡಿದು, "ಇಷ್ಟು" ಅಂದ.

ಶಿವರಂಜನಿ ಗೊಳ್ಳನೆ ನಕ್ಕು, ಟೇಪು ತಂದು, ಅವನನ್ನು ನೆಟ್ಟಗೆ ನಿಲ್ಲಿಸಿ ನೆಲದಿಂದ ಅವನ ಅಂಗೈವರೆಗೆ ಅಳೆದಳು. ಅಳೆಯುವಷ್ಟು ಹೊತ್ತು ಅವನು ಕೈಯನ್ನು ಅಲ್ಲಾಡಿಸದೆ ಹಿಡಿದಿದ್ದ. ಆ ಕೈಯ ಕೆಳಗೆ ಯಾರೋ ನಿಂತಿದ್ದಾರೆ ಅನ್ನಿಸಿತು. ಕೂದಲಿನ ತಂಪು ಕೂಡ ಅಂಗೈಗೆ ತಾಗಿದಂತಾಯಿತು. ಟೇಪು ಸುತ್ತಿಕೊಂಡ ಸದ್ದು ಕೇಳಿದ ಮೇಲೂ ಕೈ ಇಳಿಸಲು ಅವನಿಗೆ ಸ್ವಲ್ಪ ಸಮಯ ಹಿಡಿಯಿತು.

"ಹೆಸರು ಸಾರ್? ಡ್ರಾಯಿಂಗ್ ಮೇಲೆ ಹಾಕ್ತೀನಿ."

"ಶಶಿಕಲಾ."

ಆ ಹೆಸರಿನವರು ಅವನಿಗೆ ಯಾರೂ ಗೊತ್ತಿರಲಿಲ್ಲ.

ಅಂದಿನಿಂದ ಶನಿವಾರ ಬಂದರೆ ಅವನು ಶೋರೂಮಿಗೆ ಹೋಗುವುದು ರೂಢಿಯಾಯಿತು. ಏನಾದರೊಂದು ತೀರ್ಮಾನ ಬಾಕಿ ಇದ್ದೇ ಇರುತ್ತಿತ್ತು. ಒಮ್ಮೆಗೇ ಹೇಳಿಬಿಡಬಹುದಾದ್ದನ್ನೂ ಅವನು ಮುಂದಿನ ವಾರಕ್ಕೆ ಉಳಿಸಿಕೊಳ್ಳುತ್ತಿದ್ದ. "ಶಶಿನ ಕೇಳಿ ಹೇಳ್ತೀನಿ." ಹಾಗೆ ಹೇಳುವುದರಲ್ಲೊಂದು ಸುಖವಿತ್ತು. ಕಚೇರಿಯಲ್ಲಿ ಬೇರೆಯವರು ಹೀಗೆ ಹೇಳುವುದನ್ನು ವರ್ಷಗಟ್ಟಲೆ ಕೇಳಿದ್ದ. ಮನೇಲಿ ಕೇಳ್ಬೇಕು, ಅವಳು ಒಪ್ಪಲ್ಲ, ಅವಳಿಗೆ ಹೇಳಿದ್ರೆ ಬೈತಾಳೆ. ಈಗ ಅವನಿಗೂ ಕೇಳಬೇಕಾದವಳೊಬ್ಬಳಿದ್ದಳು.

ರಾತ್ರಿ ಊಟವಾದ ಮೇಲೆ ರೂಮಿನಲ್ಲಿ, ಶೋರೂಮಿನಿಂದ ತಂದ ಬಣ್ಣದ ಮಾದರಿ ತುಂಡುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ನಿಜಕ್ಕೂ ಯೋಚಿಸುತ್ತಿದ್ದ. ಈಗ ಎಲ್ಲರೂ ತಗೊಳ್ಳುವುದು ಮಾಸಲು ಹಸಿರು, ಹೊಳಪಿಲ್ಲದ್ದು, ಎಂದು ಶಿವರಂಜನಿ ಹೇಳಿದ್ದಳು. ಶಶಿಕಲಾಗೆ ಹಸಿರು ಹಿಡಿಸೀತು. ಹಿಡಿಕೆ ಇಲ್ಲದ ಬಾಗಿಲುಗಳು ಹಿಡಿಸಲಾರವು. ಒದ್ದೆ ಕೈಯಲ್ಲಿ ಎಳೆಯುವುದು ಹೇಗೆ ಅಂದಾಳು. "ಅವಳಿಗೆ ಹಿಡಿಕೆ ಬೇಕಂತೆ" ಎಂದು ಹೋಗಿ ಹೇಳಿದ. "ಸರಿಯಾಗಿ ಹೇಳಿದಾರೆ ನೋಡಿ" ಎಂದು ಶಿವರಂಜನಿ ಮೆಚ್ಚಿಕೊಂಡಳು. ಅವನಿಗೆ ಹೆಮ್ಮೆಯಾಯಿತು.

ವಾರದಿಂದ ವಾರಕ್ಕೆ ಶಶಿಕಲಾ ತುಂಬಿಕೊಂಡಳು. ಅವಳು ಎಡಚಿ. ಹಾಗಾಗಿ ಚಮಚ ಸೌಟಿನ ಡ್ರಾ ಒಲೆಯ ಎಡಗಡೆಗೆ ಬಂತು. ಬೆಳ್ಳುಳ್ಳಿ ಬಿಡಿಸುವಾಗ ಕೂತುಕೊಳ್ಳುತ್ತಾಳೆ. ಅದಕ್ಕೆಂದೇ ಕಿಟಕಿಯ ಪಕ್ಕ ಕಟ್ಟೆ ಕೊಂಚ ಇಳಿಯಿತು. ಶಾಲೆಯಲ್ಲಿ ಟೀಚರು. "ಹಾಗಾದ್ರೆ ಬೆಳಿಗ್ಗೆ ಇಬ್ರಿಗೂ ಅವಸರ. ಬಾತ್‌ರೂಮಲ್ಲಿ ಎರಡು ಬೇಸಿನ್ ಕೊಟ್ಬಿಡ್ತೀನಿ ಸಾರ್, ಈಗ ಅದೇ ನಡೀತಿರೋದು. ಕನ್ನಡಿ ಮುಂದೆ ಜಗಳ ಇರಲ್ಲ." ಸ್ನಾನದ ಜಾಗಕ್ಕೂ ಉಳಿದ ಜಾಗಕ್ಕೂ ನಡುವೆ ಗಾಜು, ಗೋಡೆಗೆ ನೇತುಹಾಕಿದ ಕಮೋಡು, ಶಾಂಪೂ ಇಡಲು ಗೋಡೆಯೊಳಗೇ ಗೂಡು, ಕಾಲು ಜಾರದ ಟೈಲು. ಬಕೆಟ್ಟು ಚೊಂಬಿನಲ್ಲಿ ಇಷ್ಟು ಕಾಲ ಸ್ನಾನ ಮಾಡಿದವನು ಎಲ್ಲದಕ್ಕೂ ಹೂಂ ಅಂದ.

ಒಂದು ಶನಿವಾರ ಕಾಫಿ ಕೊಡುತ್ತ ಶಿವರಂಜನಿ ಅಂದಳು: "ಬೇರೆ ಗಂಡಸರು ಬಂದ್ರೆ ಟಿ.ವಿ. ಎಲ್ಲಿ ಬರುತ್ತೆ ಅಂತ ಮಾತ್ರ ಕೇಳ್ತಾರೆ. ನೀವು ಹೆಂಡ್ತಿ ಬಗ್ಗೆ ಇಷ್ಟು ಯೋಚನೆ ಮಾಡ್ತೀರಲ್ಲ. ನಮ್ಮಮ್ಮನಿಗೆ ದಿನಾ ನಿಮ್ಮ ವಿಷ್ಯನೇ ಹೇಳ್ತೀನಿ."

ಆಗ ಅವನಿಗೆ ಭಯವಾಯಿತು. ಇದು ಇಬ್ಬರ ನಡುವೆ ಮುಗಿಯುವ ಮಾತಲ್ಲ, ಎಲ್ಲೋ ಒಂದು ಮನೆಯಲ್ಲಿ ಯಾರೋ ತಾಯಿ ಶಶಿಕಲಾಳ ಬಗ್ಗೆ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಹೊಳೆದದ್ದೇ ಆಗ. ಹೇಳಿಬಿಡಬೇಕು ಅಂದುಕೊಂಡ. ಕಾಫಿ ಮುಗಿಯುವುದರೊಳಗೆ ಇನ್ನೊಂದು ಜೋಡಿ ಬಂದು ಕೂತಿತು. ಅವನು ಎದ್ದು ಬಂದ.

ಕೆಲಸ ಮುಗಿದು ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಶಿವರಂಜನಿಗೆ ಹೇಳಲಿಲ್ಲ. ಊರಿಂದ ತಮ್ಮ ಕೊಟ್ರೇಶ, ಅವನ ಹೆಂಡತಿ ಜಗದಾಂಬಾ, ನಾಲ್ಕಾರು ನೆಂಟರು ಬಂದರು. ಮಠದ ಅಯ್ಯನವರು ಬಂದು ಪೂಜೆ ಮಾಡಿಸಿದರು. ಹಾಲು ಉಕ್ಕಿತು. ನೆಂಟರಲ್ಲೊಬ್ಬರು ಎರಡು ಬೇಸಿನ್ ನೋಡಿ ಹುಬ್ಬೇರಿಸಿದಾಗ, "ಈಗ ಅದೇ ಫ್ಯಾಶನ್ನು" ಎಂದು ಚನ್ನವೀರೇಶ ಬೇರೆ ಕಡೆ ತಿರುಗಿದ.

ಜಗದಾಂಬಾ ಸೆರಗು ಸಿಕ್ಕಿಸಿಕೊಂಡು ಅಡುಗೆಗೆ ನಿಂತಳು. ಗಿಡ್ಡ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು. "ಭಾವಾ, ಏನ್ ಚೆಂದ ಆಗೈತ್ರೀ ಕಟ್ಟೆ! ನನ್ನ ಅಳತಿ ತಗಂಡು ಮಾಡ್ಸಿದಂಗೈತಲ್ಲ. ನಮ್ಮನ್ಯಾಗ ಕಾಲ ಕೆಳಗ ಮಣಿ ಇಟ್ಕಂಡು ನಿಂದ್ರಬೇಕು ನಾನು."

ಹಾಲಿನಲ್ಲಿ ಜಮಖಾನದ ಮೇಲೆ ಕೂತಿದ್ದ ಚನ್ನವೀರೇಶ ಗೋಡೆಗೆ ಒರಗಿದ. ಒಗ್ಗರಣೆ ಚಿಟಪಟ ಅಂತು. ಡ್ರಾ ಎಳೆದ ಸದ್ದು, ಬಳೆಯ ಸದ್ದು, "ಉಪ್ಪೆಲ್ಲೈತಿ?" ಎಂದು ಯಾರೋ ಕೂಗಿದ್ದು. ಗೋಡೆ ಇಲ್ಲದ ಅಡುಗೆಮನೆಯಿಂದ ಎಲ್ಲ ನೇರ ಬಂದು ಅವನ ಕಿವಿಗೆ ಬೀಳುತ್ತಿತ್ತು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಅಣ್ಣನಿಗೆ ದಣಿವಾಗಿರಬೇಕೆಂದು ಕೊಟ್ರೇಶ ದಿಂಬು ತಂದುಕೊಟ್ಟ.

ಸಂಜೆಗೆ ಎಲ್ಲರೂ ಹೊರಟರು. ಮಕ್ಕಳಿಗೆ ಪರೀಕ್ಷೆ, ಉಳಿಯುವಂತಿರಲಿಲ್ಲ. "ಒಬ್ನೇ ಇರ್ತೀಯ, ಹುಷಾರು ಅಣ್ಣ" ಅಂದ ಕೊಟ್ರೇಶ. ಯಾವಾಗಲೂ ಹೇಳುವ ಮಾತೇ. ಅವರನ್ನು ಸ್ಟೇಷನ್ನಿಗೆ ಬಿಟ್ಟು ಬಂದು ಬೀಗ ತೆಗೆದರೆ, ಮನೆ ತುಂಬ ಚಿತ್ರಾನ್ನದ ವಾಸನೆ ಇತ್ತು, ಸದ್ದಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಶಿವರಂಜನಿಯ ಫೋನು. ಮುಗಿದ ಮನೆಗಳ ಫೋಟೋ ತೆಗೆದು ಕಂಪನಿಯ ಪುಟದಲ್ಲಿ ಹಾಕುತ್ತಾರಂತೆ. "ಮೇಡಂ ಬಂದಿರ್ಬೇಕಲ್ಲ ಸಾರ್ ಈಗ? ಭಾನುವಾರ ಬೆಳಿಗ್ಗೆ ಬರ್ತೀವಿ. ಅವರು ಕಟ್ಟೆ ಹತ್ರ ನಿಂತಿರೋ ಥರ ಒಂದು ಫೋಟೋ ಸಾಕು. ಇಲ್ಲ ಅನ್ಬೇಡಿ."

ಅವನು ಇಲ್ಲ ಅನ್ನಲಿಲ್ಲ. ಮುಖ ನೋಡಿ ಹೇಳಿಬಿಡುವುದೇ ಸರಿ, ಫೋನಿನಲ್ಲಿ ಹೇಳುವ ಮಾತಲ್ಲ ಅಂದುಕೊಂಡ. ಶನಿವಾರವಿಡೀ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ಭಾನುವಾರ ಬೇಗ ಎದ್ದು ಉಪ್ಪಿಟ್ಟು ಮಾಡಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದ.

ಶಿವರಂಜನಿ ಒಬ್ಬಳೇ ಬಂದಳು. ಫೋಟೋ ತೆಗೆಯುವ ಕಿಟ್ಟಿ ನಾಯಂಡಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದನಂತೆ. ಎದುರು ಸೈಟಿನಲ್ಲಿ ಜಲ್ಲಿ ಸುರಿಯುತ್ತಿದ್ದರು. ಧೂಳು ಬರುತ್ತದೆಂದು ಚನ್ನವೀರೇಶ ಎಂದಿನಂತೆ ಬಾಗಿಲು ಹಾಕಿ ಚಿಲಕ ಸರಿಸಿದ.

ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ಅದರಲ್ಲಿ ರವಿಕೆ ಕಣ, ಹಸಿರು ಬಳೆ, ಅರಿಶಿನ ಕುಂಕುಮದ ಪೊಟ್ಟಣ. "ಕಂಪನಿಯಿಂದ ಅಲ್ಲ ಸಾರ್, ನಾನೇ ತಂದೆ. ಬಳೆ ಅಳತೆ ಗೊತ್ತಿರ್ಲಿಲ್ಲ, ಅಂದಾಜಲ್ಲಿ ತಗೊಂಡಿದೀನಿ. ಎಲ್ಲಿ ಮೇಡಂ? ಸ್ನಾನಕ್ಕೆ ಹೋಗಿದಾರಾ?"

"ಕೂತ್ಕೋಮ್ಮ. ಒಂದು ಮಾತು ಹೇಳ್ಬೇಕು."

ಅವಳು ಕೂರಲಿಲ್ಲ. ಅವನ ದನಿ ಕೇಳಿ ಅವಳ ಮುಖ ಚಿಕ್ಕದಾಯಿತು. "ಏನಾಯ್ತು ಸಾರ್? ಮೇಡಂ ಹುಷಾರಾಗಿದಾರೆ ತಾನೆ?"

ಆ ಗಳಿಗೆಯಲ್ಲಿ ಅವನಿಗೆ ಸುಲಭದ ದಾರಿಯೊಂದು ಕಂಡಿತು. ತೀರಿಕೊಂಡಳು ಅಂದುಬಿಡಬಹುದು. ಎಲ್ಲವೂ ಮುಗಿಯುತ್ತಿತ್ತು. ಆದರೆ ಶಶಿಕಲಾ ಸತ್ತಳೆಂದು ಹೇಳಲು ಅವನ ನಾಲಿಗೆ ಏಳಲಿಲ್ಲ.

"ಶಶಿಕಲಾ ಅಂತ ಯಾರೂ ಇಲ್ಲ" ಅಂದ. "ನನಗೆ ಮದುವೆನೇ ಆಗಿಲ್ಲ. ಆವತ್ತು ನೀನು ಕೇಳಿದಾಗ ಹೂಂ ಅಂದ್ಬಿಟ್ಟೆ. ಆಮೇಲೆ ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಅವಳು ಬೈಯುತ್ತಾಳೆ, ಇಲ್ಲವೇ ನಗುತ್ತಾಳೆ ಎಂದು ಅವನು ಎಣಿಸಿದ್ದ. ಎರಡಕ್ಕೂ ಸಿದ್ಧನಾಗಿದ್ದ. ಶಿವರಂಜನಿ ಎರಡನ್ನೂ ಮಾಡಲಿಲ್ಲ. ಅವಳ ಕಣ್ಣು ಅವನ ಮುಖದಿಂದ ಬಾಗಿಲಿಗೆ ಹೋಯಿತು. ಹಾಕಿದ ಬಾಗಿಲು, ಸರಿಸಿದ ಚಿಲಕ. ಒಂದು ಹೆಜ್ಜೆ ಹಿಂದೆ ಸರಿದು ಕಟ್ಟೆಗೆ ತಾಗಿ ನಿಂತಳು. ಒಂದು ಕೈ ಬ್ಯಾಗಿನೊಳಗೆ ಫೋನು ತಡಕುತ್ತಿತ್ತು.

ಚನ್ನವೀರೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಿಂಗಳುಗಟ್ಟಲೆ ಸುಳ್ಳು ಹೇಳಿ, ಹೆಂಡತಿ ಇದ್ದಾಳೆಂದು ನಂಬಿಸಿ ಮನೆಗೆ ಬರಮಾಡಿಕೊಂಡು, ಒಳಗಿನಿಂದ ಚಿಲಕ ಹಾಕಿದ ಗಂಡಸು. ಅವಳ ಕಣ್ಣಿಗೆ ತಾನು ಕಾಣುತ್ತಿರುವುದು ಹೀಗೆ. ಮತ್ತು ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

"ಅಯ್ಯೋ, ಧೂಳಿಗೆ ಹಾಕಿದ್ದಮ್ಮ ಬಾಗಿಲು" ಅಂದ. ಬಾಗಿಲ ಕಡೆ ಹೋಗಲು ಅವಳ ಪಕ್ಕವೇ ದಾಟಬೇಕಿತ್ತು. ಅವಳಿಂದ ಆದಷ್ಟು ದೂರ, ಗೋಡೆಗೆ ಮೈ ಒತ್ತಿಕೊಂಡು ಹೋದ. ಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದು, ಮೆಟ್ಟಿಲಿಳಿದು, ಗೇಟಿನ ಆಚೆ ರಸ್ತೆಯಲ್ಲಿ ಹೋಗಿ ನಿಂತ. ಚಪ್ಪಲಿ ಹಾಕಿಕೊಂಡಿರಲಿಲ್ಲ. ಜಲ್ಲಿಯ ಧೂಳು ಇಸ್ತ್ರಿ ಅಂಗಿಯ ಮೇಲೆ ಕೂರುತ್ತಿತ್ತು. ಕಿಟ್ಟಿ ಬೈಕಿನಲ್ಲಿ ಬರುವವರೆಗೂ ಮನೆಯ ಕಡೆ ತಿರುಗದೆ ಬಿಸಿಲಿನಲ್ಲೇ ನಿಂತಿದ್ದ.

ಕಿಟ್ಟಿಯ ದನಿ ಕೇಳಿದ ಮೇಲೆ ಶಿವರಂಜನಿ ಹೊರಗೆ ಬಂದಳು. ಈಗ ಅವಳಿಗೆ ಸಿಟ್ಟು ಬಂದಿತ್ತು. ಕಣ್ಣಲ್ಲಿ ನೀರೂ ಇತ್ತು.

"ಯಾಕೆ ಸಾರ್? ನನ್ನ ಹತ್ರ ಯಾಕೆ? ಇಲ್ಲ ಅಂದಿದ್ರೆ ನಾನೇನು ಕಿಚನ್ ಮಾಡ್ಕೊಡಲ್ಲ ಅಂತಿದ್ನಾ? ಅವರ ಎಡಗೈ, ಅವರ ಬೆಳ್ಳುಳ್ಳಿ... ರಾತ್ರಿಯೆಲ್ಲ ಕೂತು ಡ್ರಾಯಿಂಗ್ ಮಾಡಿದೀನಿ ನಾನು."

ಅವನು ತಲೆ ಬಗ್ಗಿಸಿದ. ಕಿಟ್ಟಿ ಏನೂ ತಿಳಿಯದೆ ಇಬ್ಬರ ಮುಖ ನೋಡಿದ. ಅವಳು ಬೈಕು ಹತ್ತಿದಳು. ಕವರನ್ನು ಮರೆಯದೆ ಎತ್ತಿಕೊಂಡಿದ್ದಳು.

ಆಮೇಲಿನ ದಿನಗಳು ಕಷ್ಟದವು. ಮಹಡಿ ರೂಮಿನಲ್ಲಿದ್ದಾಗ ಕೆಳಗಿನ ಮನೆಯ ಮಿಕ್ಸಿ, ಟಿ.ವಿ., ಪಕ್ಕದವರ ಕೆಮ್ಮು ಕೇಳುತ್ತಿತ್ತು. ಇಲ್ಲಿ ಡ್ರಾ ಕೂಡ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಒಲೆಯ ಮುಂದೆ ನಿಂತರೆ ಕೈ ಬಲಕ್ಕೆ ಹೋಗುತ್ತಿತ್ತು, ಚಮಚ ಎಡಕ್ಕೆ ಇರುತ್ತಿತ್ತು. ತಗ್ಗಿನ ಕಟ್ಟೆಯ ಮೇಲೆ ಬಗ್ಗಿ ತರಕಾರಿ ಹೆಚ್ಚಿ, ಬಗ್ಗಿ ಪಾತ್ರೆ ತೊಳೆದು, ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಬಚ್ಚಲಿನಲ್ಲಿ ಏನೋ ಕೆಟ್ಟ ವಾಸನೆ ಶುರುವಾಯಿತು. ಪ್ಲಂಬರನ್ನು ಕರೆಸಿದರೆ ಅವನು ಎರಡನೇ ಬೇಸಿನ್ ತೋರಿಸಿ, "ಇದನ್ನ ಯಾರೂ ಉಪಯೋಗಿಸ್ತಿಲ್ಲ ಅಲ್ವಾ? ಪೈಪಲ್ಲಿ ನೀರು ಆರಿಹೋಗಿದೆ, ಅದಕ್ಕೆ ಗಾಳಿ ಮೇಲೆ ಬರ್ತಿದೆ. ದಿನಾ ಸ್ವಲ್ಪ ನೀರು ಬಿಡ್ತಾ ಇರಿ" ಅಂದ. ಅಂದಿನಿಂದ ಚನ್ನವೀರೇಶ ಒಂದು ಬೇಸಿನ್ನಿನಲ್ಲಿ ಮುಖ ತೊಳೆದು, ಪಕ್ಕಕ್ಕೆ ಸರಿದು ಇನ್ನೊಂದರ ನಲ್ಲಿಯನ್ನೂ ಸ್ವಲ್ಪ ಹೊತ್ತು ಬಿಟ್ಟು ನಿಲ್ಲುತ್ತಿದ್ದ. ಕನ್ನಡಿಯಲ್ಲಿ ಆ ಬೇಸಿನ್ನಿನ ಮುಂದೆಯೂ ಅವನೇ ಕಾಣುತ್ತಿದ್ದ.

ಇಲ್ಲದವಳಿಗಾಗಿ ದುಃಖಪಡುವುದು ಹುಚ್ಚು ಎಂದು ಅವನಿಗೂ ಗೊತ್ತಿತ್ತು. ಆದರೂ ಶನಿವಾರ ಬಂದರೆ ಎದೆ ಭಾರವಾಗುತ್ತಿತ್ತು. ಕೇಳಿ ಹೇಳ್ತೀನಿ ಅನ್ನಲು ಈಗ ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಬಾಗಿಲ ಕಡೆ ಹೊರಳಿದ ಶಿವರಂಜನಿಯ ಆ ನೋಟ.

ಅವಳ ಫೋನು ಬಂದಾಗ ಅವನು ಕಚೇರಿಯಲ್ಲಿದ್ದ. ಹೆಸರು ನೋಡಿ ಎದ್ದು ವರಾಂಡಕ್ಕೆ ಹೋದ.

"ಸಾರ್, ಆ ಕೌಂಟರ್ ನಿಮಗೆ ಆಗಲ್ಲ" ಅಂದಳು, ಪೀಠಿಕೆ ಇಲ್ಲದೆ. "ಆರಡಿ ಇದೀರಿ. ಅದರ ಮೇಲೆ ಕೆಲಸ ಮಾಡಿದ್ರೆ ಬೆನ್ನು ಕೂತುಹೋಗುತ್ತೆ. ಕೆಳಗಿನ ಕಾಲುಗಳನ್ನ ಬದಲಾಯಿಸಿ ಎತ್ತರ ಮಾಡ್ಬೋದು. ಕಲ್ಲು ಬಿಚ್ಚಿ ಮತ್ತೆ ಕೂರಿಸ್ಬೇಕು, ಚಿಮ್ನಿನೂ ಮೇಲೆ ಹೋಗ್ಬೇಕು. ಭೈರೇಶ್ ಅಂತ ನಮ್ಮ ಫಿಟ್ಟರ್, ಭಾನುವಾರ ಕಳಿಸ್ತೀನಿ."

"ಆಯ್ತಮ್ಮ. ಆವತ್ತು..."

"ನಾನು ಹೆದರಿಬಿಟ್ಟೆ ಸಾರ್" ಎಂದು ಅವಳೇ ಅಂದಳು. "ಆಮೇಲೆ ಕಿಟ್ಟಿ ಅಂದ, ಪಾಪ ಅವರು ಬಿಸಿಲಲ್ಲಿ ರಸ್ತೇಲಿ ನಿಂತಿದ್ರು ಅಂತ. ಆದ್ರೂ ಹೆದರಿಕೆ ಹೆದರಿಕೆನೇ."

"ಹೆದರಿಸಿದ್ದು ನಾನು. ತಪ್ಪು ನಂದೇ."

ಅವಳು ಇಲ್ಲ ಅನ್ನಲಿಲ್ಲ.

"ನೀನು ಬರಲ್ವಾ, ಕೆಲಸ ನೋಡಕ್ಕೆ?"

"ಇಲ್ಲ ಸಾರ್. ಭೈರೇಶ್ ಎಲ್ಲಾ ನೋಡ್ಕೋತಾನೆ." ಆಮೇಲೆ ಇನ್ನಷ್ಟು ಮೆಲ್ಲಗೆ, "ಮೊಣಕೈ ಅಳತೆ ತಗೊಳಕ್ಕೆ ಹೇಳಿದೀನಿ. ಈ ಸಲ ನಿಮ್ದು" ಅಂದಳು.

ಭಾನುವಾರ ಭೈರೇಶ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಕಟ್ಟೆಯ ಬಿಳಿ ಕಲ್ಲನ್ನು, ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರ್ ಬಟ್ಟಲುಗಳಿಂದ ಹಿಡಿದು, ಉಸಿರು ಬಿಗಿಹಿಡಿದು ಎತ್ತಿ, ಹಾಲಿನ ಗೋಡೆಗೆ ಒರಗಿಸಿದರು. ಹಸಿರು ಪೆಟ್ಟಿಗೆಗಳು ತಲೆ ಕಳೆದುಕೊಂಡು ನಿಂತವು. ಭೈರೇಶ ಟೇಪು ಹಿಡಿದು, "ಕೈ ಮಡಚಿ ಸಾರ್" ಎಂದು ಚನ್ನವೀರೇಶನ ಮೊಣಕೈ ಅಳೆದು, ಗೋಡೆಗೆ ಪೆನ್ಸಿಲಿನಲ್ಲಿ ಗೀರು ಹಾಕಿದ.

ಒಲೆ ಬಿಚ್ಚಿಟ್ಟಿದ್ದರಿಂದ ಚನ್ನವೀರೇಶ ಹಿಂದಿನ ವರಾಂಡದ ನೆಲದ ಮೇಲೆ ಹಳೆಯ ರೂಮಿನ ಪಂಪ್ ಸ್ಟವ್ ಹಚ್ಚಿದ. ಟೀ ಕಾಯಿಸಿದ. ಊರಿನಿಂದ ಕೊಟ್ರೇಶ ತಂದಿಟ್ಟು ಹೋಗಿದ್ದ ಮಂಡಕ್ಕಿಯನ್ನು ನೆನೆಸಿ ಹಿಂಡಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದ. ಎಲ್ಲರೂ ಹಾಲಿನ ನೆಲದ ಮೇಲೆ ಕೂತು ತಿಂದರು.

"ಚೆನ್ನಾಗಿದೆ ಸಾರ್, ಇದೇನು ಮಂಡಕ್ಕಿ ಉಪ್ಪಿಟ್ಟಾ?" ಭೈರೇಶ ತಟ್ಟೆ ಒರೆಸಿ ತಿನ್ನುತ್ತ ಕೇಳಿದ. "ಮನೇಲಿ ಯಾರೂ ಕಾಣ್ತಿಲ್ಲ? ಊರಿಗೆ ಹೋಗಿದಾರಾ?"

"ಯಾರೂ ಇಲ್ಲಪ್ಪ. ನಾನೊಬ್ನೇ. ಮದುವೆ ಆಗ್ಲಿಲ್ಲ."

"ಹೌದಾ" ಅಂದ ಭೈರೇಶ. "ಹಾಗಾದ್ರೆ ಒಳ್ಳೇದಾಯ್ತು, ಧೂಳಾಯ್ತು ಅಂತ ಬೈಯೋರಿಲ್ಲ." ಉಳಿದಿಬ್ಬರೂ ನಕ್ಕರು. ಒಬ್ಬ ಟೀ ಲೋಟ ಮುಂದೆ ಚಾಚಿದ. ಚನ್ನವೀರೇಶ ಸುರಿದ. ಮಾತು ಮೆಟ್ರೋ ಕೆಲಸದ ಕಡೆ ಹೋಯಿತು.

ಇಷ್ಟೇನಾ ಅನ್ನಿಸಿತು ಅವನಿಗೆ. ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು, ಒಂದು ಲೋಟ ಟೀ ಆರುವಷ್ಟರಲ್ಲಿ ಹೊರಗೆ ಬಿದ್ದು, ಯಾರೂ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಸಿ ಅವರು ಹೋದರು. ಚನ್ನವೀರೇಶ ತಟ್ಟೆ ಲೋಟಗಳನ್ನು ಸಿಂಕಿಗೆ ಹಾಕಿ ತೊಳೆಯಲು ನಿಂತ. ಬೆನ್ನು ನೆಟ್ಟಗಿತ್ತು, ಕೈ ನೀರಿಗೆ ಸರಿಯಾಗಿ ಇಳಿಯುತ್ತಿತ್ತು. ಅವನ ಆಯುಸ್ಸಿನಲ್ಲಿ ಯಾವ ಕಟ್ಟೆಯೂ ಹೀಗೆ ಅವನ ಅಳತೆಗೆ ಸಿಕ್ಕಿರಲಿಲ್ಲ. ಹಗುರವಾಗಬೇಕಿತ್ತು. ಆದರೆ ಬಗ್ಗಿ ನಿಲ್ಲುತ್ತಿದ್ದ ದಿನಗಳಲ್ಲಿ, ಸೊಂಟ ನೋಯುವಾಗಲೂ, ಈ ಕಟ್ಟೆ ಇನ್ನೊಬ್ಬರದು, ತಾನು ಅವರ ಜಾಗದಲ್ಲಿ ನಿಂತಿದ್ದೇನೆ ಅನ್ನಿಸುತ್ತಿತ್ತು. ಈಗ ಆ ಜಾಗವೂ ಇರಲಿಲ್ಲ. ಮನೆಯಲ್ಲಿ ಅವನು ಒಬ್ಬನೇ ಇದ್ದ.

ಕೈ ಒರೆಸಿಕೊಂಡು ಫೋನು ತೆಗೆದ. ಕಚೇರಿಯಲ್ಲಿ ಪಕ್ಕದ ಮೇಜಿನ ಪದ್ಮನಾಭ, ಹೊಸ ಮನೆ ಯಾವಾಗ ತೋರಿಸ್ತೀರಿ ಎಂದು ಎಷ್ಟೋ ಸಲ ಕೇಳಿದ್ದ. ಪ್ರತಿ ಸಲವೂ ಏನೋ ನೆವ ಹೇಳಿ ತಪ್ಪಿಸಿಕೊಂಡಿದ್ದ.

"ಪದ್ಮನಾಭ ಅವರೇ, ಮುಂದಿನ ಭಾನುವಾರ ಊಟಕ್ಕೆ ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ. ನಾನೇ ಅಡುಗೆ ಮಾಡ್ತೀನಿ."

ಆ ಕಡೆ ಟಿ.ವಿ. ಜೋರಾಗಿತ್ತು, ಯಾರೋ ಮಗುವನ್ನು ಗದರಿಸುತ್ತಿದ್ದರು. "ಅಯ್ಯೋ, ಆ ಭಾನುವಾರ ಆಗಲ್ವಲ್ಲ ಚನ್ನವೀರೇಶ್. ಇವಳ ಅಣ್ಣನ ಮನೇಲಿ ನಾಮಕರಣ. ಅದರ ಮುಂದಿನ ವಾರ ನೋಡೋಣ?"

"ಆಯ್ತು, ಅದಕ್ಕೇನಂತೆ. ಯಾವಾಗ ಬಿಡುವಾಗುತ್ತೋ ಆಗ ಬನ್ನಿ."

"ಖಂಡಿತ ಬರ್ತೀವಿ. ಖಾರ ಕಮ್ಮಿ ಹಾಕಿ ಮತ್ತೆ, ನಿಮ್ಮ ದಾವಣಗೆರೆ ಖಾರ ನಮಗಾಗಲ್ಲ."

ಫೋನು ಇಟ್ಟು, ದೀಪ ಹಾಕಿ, ಅವನು ಡಬ್ಬಿಯಿಂದ ಒಬ್ಬನಿಗಾಗುವಷ್ಟು ಅಕ್ಕಿ ತೆಗೆದು ತೊಳೆಯತೊಡಗಿದ.